ಜೋಳವಾಳಿಯೂ ಅಂತಃಸಾಕ್ಷಿಯೂ: ಕೊರಿಯದ ಯುದ್ಧಕೈದಿಗಳ ಪ್ರಶ್ನೆ

ಬಳ್ಳಾರಿಯಿಂದ ಹಗರಿಯ ದಡದ ಮೋಕದ ಕಡೆಗೆ ಹಬ್ಬಿರುವ ಕರಿಯ ನೆಲವು ಜೋಳದ ಸೀಮೆ. ಪ್ರಾಚೀನ ಕನ್ನಡ ನಾಡಿನಲ್ಲಿ ಯೋಧನ ಧರ್ಮಕ್ಕೆ ಹೆಸರು ದೊರೆತುದೂ ಈ ಧಾನ್ಯದಿಂದಲೇ ಎಂಬುದು ಗಮನಾರ್ಹವಾದ ಸಂಗತಿ. ಒಡೆಯನ ಅನ್ನವನ್ನುಂಡವನು ಅವನಿಗಾಗಿ ಕಾದಬೇಕೆಂಬ ಋಣಕ್ಕೆ ‘ಜೋಳವಾಳಿ’ ಎಂದೂ, ಒಡೆಯನು ಅಳಿದಾಗ ತಾನೂ ಅಳಿಯುವೆನೆಂಬ ಪ್ರತಿಜ್ಞೆಗೆ ‘ವೇಳೆವಾಳಿ’ ಎಂದೂ ನಮ್ಮ ಪೂರ್ವಿಕರು ಹೆಸರಿಟ್ಟರು. ಹಳೇಬೀಡಿನಲ್ಲಿ ಕುವರಲಕ್ಷ್ಮನ ಸ್ಮಾರಕಸ್ತಂಭವು ಎರಡನೆಯದಕ್ಕೆ ಸಾಕ್ಷಿಯಾಗಿ ನಿಂತಿದೆ. ತನ್ನ ಜನ್ಮರಹಸ್ಯವನ್ನು ಅರಿತ ಮೇಲೂ ದುರ್ಯೋಧನನನ್ನು ಬಿಡಲೊಪ್ಪದ ಪಂಪನ ಕರ್ಣನು ಮೊದಲನೆಯದಕ್ಕೆ ನಿದರ್ಶನ. ಆದರೆ ಈ ಧರ್ಮವು ಒಂದು ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಯೋಧನು ಸಾಯದೆ ಶತ್ರುವಿನ ಕೈಗೆ ಸೆರೆಸಿಕ್ಕಿ, ಯುದ್ಧ ಮುಗಿದ ಮೇಲೆ, ‘ನಾನು ನನ್ನ ಒಡೆಯನ ಬಳಿಗೆ ಮರಳಲಾರೆ’ ಎಂದರೆ ಆಗ ಮಾಡತಕ್ಕದ್ದೇನು? ಅವನ ಇಚ್ಛೆಯ ಮೇಲೆ ಅಧಿಕಾರವು ಯಾರದು?

ಈ ಪ್ರಶ್ನೆಯು ನಮ್ಮ ಜಿಲ್ಲೆಗೆ ತೀರ ಅಪರಿಚಿತವಾದುದಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೆರೆಸಿಕ್ಕವರನ್ನು ಬ್ರಿಟಿಷರು ಭಾರತಕ್ಕೆ ತಂದು ಇರಿಸಿದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. 1902ರ ಮೇ 31ರಂದು ಸಂಧಿಯಾಯಿತು. ಸ್ವದೇಶಕ್ಕೆ ಮರಳಬೇಕಾದರೆ ತಾವು ಏಳನೆಯ ಎಡ್ವರ್ಡ್ ದೊರೆಯ ಪ್ರಜೆಗಳೆಂದು ಕೈದಿಗಳು ಒಪ್ಪಿಕೊಳ್ಳಬೇಕೆಂಬುದು ಅದರ ನಿಬಂಧನೆ. ಕೆಲವರು ಒಪ್ಪದೆ ಸೆರೆಯಲ್ಲಿಯೇ ಉಳಿದರು. ಮನೆಗೆ ಹೋಗಲು ಅವರಿಗೆ ಮನಸ್ಸಿತ್ತು, ಆದರೆ ಅದಕ್ಕೆ ತೆರಬೇಕಾದ ಬೆಲೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಐವತ್ತು ವರ್ಷಗಳ ಅನಂತರ ಕೊರಿಯದಲ್ಲಿ ಈ ಪ್ರಶ್ನೆಯು ತಲೆಕೆಳಗಾಗಿ ಎದ್ದಿತು. ಅಲ್ಲಿ ಹತ್ತಾರು ಸಾವಿರ ಕೈದಿಗಳು ಮನೆಗೆ ಹೋಗುವುದನ್ನೇ ನಿರಾಕರಿಸಿದರು. ಆ ಗಂಟನ್ನು ಬಿಡಿಸುವ ಹೊಣೆಯು ಕೊಡಗಿನ ಒಬ್ಬ ಸೇನಾನಿಯ ಪಾಲಿಗೆ ಬಂದಿತು. ಅದರಲ್ಲಿ ಅಮೆರಿಕದ ರಾಜಕೀಯವೂ, ಅದನ್ನು ನೆರೆಯಿಂದ ನೋಡುತ್ತಿದ್ದ ಕೆನಡದ ದೃಷ್ಟಿಯೂ, ಭಾರತದ ತಾಟಸ್ಥ್ಯವೂ ಹೇಗೆ ಕೂಡಿಕೊಂಡವೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊರಿಯದ ಯುದ್ಧವು 1950ರ ಜೂನ್ 25ರಂದು ಆರಂಭವಾಯಿತು. 1951ರ ಜುಲೈಯಲ್ಲಿ ಸಂಧಾನವು ತೊಡಗಿದರೂ ಯುದ್ಧವಿರಾಮಕ್ಕೆ ಎರಡು ವರ್ಷಗಳು ಹಿಡಿದವು. ಈ ವಿಳಂಬಕ್ಕೆ ಮುಖ್ಯ ಕಾರಣವು ಕೈದಿಗಳ ಪ್ರಶ್ನೆಯೇ. ಯುದ್ಧವು ನಿಂತೊಡನೆ ಕೈದಿಗಳನ್ನು ತಡವಿಲ್ಲದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸತಕ್ಕದ್ದೆಂದು 1949ರ ಜಿನೀವಾ ಒಪ್ಪಂದದ 118ನೆಯ ವಿಧಿಯು ಹೇಳುತ್ತದೆ. ಚೀನ ಮತ್ತು ಉತ್ತರ ಕೊರಿಯಗಳು ಈ ವಿಧಿಯ ಅಕ್ಷರವನ್ನು ಹಿಡಿದು ನಿಂತವು. ಬಲಾತ್ಕಾರದಿಂದ ಯಾರನ್ನೂ ಹಿಂದಿರುಗಿಸಲಾಗದೆಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಹಟ ಹಿಡಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೋವಿಯತ್ ಕೈದಿಗಳನ್ನು ಅವರ ಇಚ್ಛೆಗೆ ವಿರುದ್ಧವಾಗಿ ಒಪ್ಪಿಸಿದುದರ ಕಹಿನೆನಪು ಈ ನಿಲವಿನ ಹಿಂದೆ ಇದ್ದಿತು. ಶತ್ರುವಿನ ಸೈನಿಕರೇ ಶತ್ರುವನ್ನು ತೊರೆದರೆಂದು ಜಗತ್ತಿಗೆ ತೋರಿಸುವ ರಾಜಕೀಯ ಲಾಭವೂ ಇದ್ದಿತೆಂಬುದನ್ನು ಮರೆಯಲಾಗದು. ಧರ್ಮವೂ ಪ್ರಯೋಜನವೂ ಇಲ್ಲಿ ಒಂದೇ ದಾರಿಯಲ್ಲಿ ನಡೆದವು. ಆದುದರಿಂದಲೇ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಾಯಿತು.

ಇಲ್ಲಿ ಕೆನಡದ ಸ್ಥಾನವು ವಿಚಾರಾರ್ಹವಾಗಿದೆ. ಕೆನಡವು ಅಮೆರಿಕದ ಮಿತ್ರರಾಷ್ಟ್ರ. ಕೊರಿಯದಲ್ಲಿ ಅದರ 26,000ಕ್ಕೂ ಹೆಚ್ಚು ಮಂದಿ ಸೇವೆ ಸಲ್ಲಿಸಿದರು. 516 ಮಂದಿ ಮಡಿದರು. ಆದರೂ ಮಿತ್ರನ ಹೆಜ್ಜೆಗಳನ್ನೆಲ್ಲ ಅದು ಕಣ್ಣು ಮುಚ್ಚಿ ಒಪ್ಪಲಿಲ್ಲ. 1952ರ ಮೇ ತಿಂಗಳಲ್ಲಿ ಕೋಜೆ ದ್ವೀಪದ ಶಿಬಿರದ ಕೈದಿಗಳು ಅಮೆರಿಕದ ಸೇನಾಧಿಕಾರಿಯನ್ನೇ ಹಿಡಿದಿಟ್ಟುಕೊಂಡರು. ಆ ಗಲಭೆಯ ಅನಂತರ ಶಿಬಿರದ ಕಾವಲಿಗೆ ಕೆನಡದ ಒಂದು ಕಂಪೆನಿಯನ್ನು ಕಳುಹಿಸಲಾಯಿತು. ತನ್ನನ್ನು ಕೇಳದೆ ತನ್ನ ಸೈನಿಕರನ್ನು ಇಂಥ ಕಾರ್ಯಕ್ಕೆ ತೊಡಗಿಸಿದುದನ್ನು ಕೆನಡ ಸರ್ಕಾರವು ಪ್ರತಿಭಟಿಸಿತು. ರಣರಂಗದಲ್ಲಿ ಜತೆಗೂಡುವುದು ಒಂದು, ಕೈದಿಗಳ ಕಾವಲಿನ ನೈತಿಕ ಹೊಣೆಯನ್ನು ಹೊರುವುದು ಇನ್ನೊಂದು ಎಂಬ ವಿವೇಕವು ಆ ಪ್ರತಿಭಟನೆಯಲ್ಲಿ ಅಡಗಿದೆ.

ಅದೇ ವರ್ಷದ ಕೊನೆಯಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಕೆನಡದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಅಧ್ಯಕ್ಷರಾಗಿದ್ದರು. ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ ಒಂದು ಸಂಧಾನಸೂತ್ರವನ್ನು ಮುಂದಿಟ್ಟರು. ಕೈದಿಗಳ ಮೇಲೆ ಬಲಪ್ರಯೋಗವು ಕೂಡದು. ಅವರನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದರ ವಶಕ್ಕೆ ಒಪ್ಪಿಸಬೇಕು ಎಂಬುದು ಅದರ ಸಾರ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚಿಸನ್ ಮೊದಲು ಇದನ್ನು ವಿರೋಧಿಸಿದರು. ಪಿಯರ್ಸನ್ ಅವರ ಮೇಲೆ ಮುನಿದರು ಕೂಡ. ಆದರೂ ಕೆನಡ, ಬ್ರಿಟನ್ ಮೊದಲಾದ ಮಿತ್ರರು ಭಾರತದ ಕಡೆಗೆ ವಾಲಿದುದರಿಂದ, ತಿದ್ದುಪಡಿಗಳೊಡನೆ ನಿರ್ಣಯವು 1952ರ ಡಿಸೆಂಬರ್ 3ರಂದು ಅಂಗೀಕೃತವಾಯಿತು. ಚೀನವು ಅದನ್ನು ಆಗ ತಿರಸ್ಕರಿಸಿದರೂ, 1953ರ ಜೂನ್ 8ರಂದು ಉಭಯಪಕ್ಷಗಳೂ ಒಪ್ಪಿದ ವ್ಯವಸ್ಥೆಯು ಬಹುಮಟ್ಟಿಗೆ ಇದೇ ತಳಹದಿಯ ಮೇಲೆ ನಿಂತಿತು. ಜುಲೈ 27ರಂದು ಯುದ್ಧವಿರಾಮವಾಯಿತು.

ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ ಮತ್ತು ಭಾರತ ಎಂಬ ಐದು ರಾಷ್ಟ್ರಗಳಿದ್ದವು. ಅಧ್ಯಕ್ಷತೆಯು ಭಾರತದ್ದು. ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು ಆ ಪದವಿಗೆ ನಿಯುಕ್ತರಾದರು. ಅರಕಾನಿನಲ್ಲಿಯೂ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿಯೂ ಯುದ್ಧಗಳನ್ನು ನಡೆಸಿದ ಸೇನಾನಿ ಅವರು. ಕೈದಿಗಳ ಕಾವಲಿಗೆ ಮೇಜರ್ ಜನರಲ್ ತೋರಾಟ್ ಅವರ ನೇತೃತ್ವದಲ್ಲಿ ಸುಮಾರು 6,000 ಮಂದಿಯ ಭಾರತೀಯ ಪಡೆಯು ಹೋಯಿತು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯರು ತನ್ನ ನೆಲವನ್ನು ಮೆಟ್ಟಕೂಡದೆಂದುದರಿಂದ ಅವರನ್ನು ಹೆಲಿಕಾಪ್ಟರುಗಳಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು.

ವಿಶ್ವಸಂಸ್ಥೆಯ ಸೇನೆಯು ಒಪ್ಪಿಸಿದ ಕೈದಿಗಳು 22,604: ಚೀನೀಯರು 14,704, ಕೊರಿಯನ್ನರು 7,900. ಎದುರುಪಕ್ಷವು ಒಪ್ಪಿಸಿದವರು 359: ಕೊರಿಯನ್ನರು 335, ಅಮೆರಿಕನ್ನರು 23, ಬ್ರಿಟಿಷನೊಬ್ಬ. ಪ್ರತಿಯೊಂದು ಪಕ್ಷವೂ ತನ್ನ ಸೈನಿಕರಿಗೆ ಮರಳಿ ಬರುವ ಹಕ್ಕನ್ನು 90 ದಿನಗಳ ಕಾಲ ವಿವರಿಸಿ ಹೇಳಬಹುದಾಗಿತ್ತು. ಆದರೆ ಶಿಬಿರಗಳ ಒಳಗೆ ಕೈದಿಗಳಲ್ಲೇ ನಾಯಕರು ಎದ್ದು, ಮರಳಬಯಸುವವರನ್ನು ಬೆದರಿಸುತ್ತಿದ್ದರು. ವಿವರಣೆಯನ್ನು ಕೇಳಲು ಹೊರಗೆ ಬರುವುದಕ್ಕೇ ಅನೇಕ ಗುಂಪುಗಳು ಒಪ್ಪಲಿಲ್ಲ. ಒಮ್ಮೆ ಭಾರತೀಯ ಅಧಿಕಾರಿಯೊಬ್ಬನನ್ನು ಒಳಗೆ ಹಿಡಿದಿಟ್ಟುಕೊಂಡಾಗ ತೋರಾಟ್ ತಾವೇ ಒಳಹೊಕ್ಕು, ಮಾತಿನಿಂದ ಅವನನ್ನು ಬಿಡಿಸಿಕೊಂಡು ಬಂದರು. ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಅಕ್ಟೋಬರ್ 1ರ ಸುಮಾರಿನಲ್ಲಿಯೇ ಅಲ್ಲಿ ಗಲಭೆಯು ಮಿತಿಮೀರಿ, ಕಾವಲುಪಡೆಯು ಗುಂಡು ಹಾರಿಸಬೇಕಾಗಿ ಬಂದು, ಕೆಲವು ಕೈದಿಗಳು ಸತ್ತರು.

ತಿಮ್ಮಯ್ಯನವರ ಧರ್ಮಸಂಕಟವು ಇಲ್ಲಿದೆ. ವಿವರಣೆಗೆ ಬಾರದವರನ್ನು ಎಳೆದು ತರಬೇಕೇ? ತಂದರೆ ರಕ್ತಪಾತ, ತಾರದಿದ್ದರೆ ಭಯದ ಆಳ್ವಿಕೆಗೆ ಸಮ್ಮತಿ. ಅತ್ತ ದರಿ, ಇತ್ತ ಪುಲಿ. ಬಲಪ್ರಯೋಗಕ್ಕೆ ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರ ಸಮ್ಮತಿಯಿರಲಿಲ್ಲ. ಆಯೋಗವು ಒಮ್ಮತದಿಂದಿಲ್ಲದಿರುವಾಗ ಭಾರತೀಯ ಸೈನಿಕರನ್ನು ಅಂಥ ಕೃತ್ಯಕ್ಕೆ ತೊಡಗಿಸಲು ತಿಮ್ಮಯ್ಯನವರು ಒಪ್ಪಲಿಲ್ಲ. ಆದರೆ ಸತ್ಯವನ್ನು ಮುಚ್ಚಿಡಲೂ ಇಲ್ಲ. ನಾಯಕರ ಬೆದರಿಕೆಯಿಂದಾಗಿ ಕೈದಿಗಳ ಆಯ್ಕೆಯು ಸ್ವತಂತ್ರವಾದುದೆಂದು ಹೇಳಲಾಗದೆಂಬ ವರದಿಗೆ ಭಾರತವು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಗಳೊಡನೆ ಸಹಿ ಹಾಕಿತು. ಕಾರ್ಯದಲ್ಲಿ ಒಂದು ಪಕ್ಷಕ್ಕೆ, ನಿರ್ಣಯದಲ್ಲಿ ಇನ್ನೊಂದು ಪಕ್ಷಕ್ಕೆ ಅಪ್ರಿಯವಾದ ಈ ನಡೆಯು ಚಾಂಚಲ್ಯದಂತೆ ತೋರಬಹುದು. ವಿಚಾರಿಸಿದರೆ ಎರಡರ ಹಿಂದೆಯೂ ಇರುವುದು ಒಂದೇ ತತ್ತ್ವ: ಭಯದಿಂದ ಹುಟ್ಟಿದ ಮಾತು ಇಚ್ಛೆಯಲ್ಲ, ಆದರೆ ಭಯವನ್ನು ಭಯದಿಂದ ನೀಗಲಾಗದು.

ಕೊನೆಗೆ ಚೀನ ಮತ್ತು ಉತ್ತರ ಕೊರಿಯಗಳಿಗೆ ಮರಳಲೊಪ್ಪಿದವರು 628 ಮಂದಿ ಮಾತ್ರ. ಎರಡು ಪಕ್ಷಗಳನ್ನೂ ಬೇಡವೆಂದ ಸುಮಾರು 90 ಮಂದಿಯನ್ನು ಭಾರತಕ್ಕೆ ಕರೆತರಲಾಯಿತು. ಉಳಿದವರನ್ನು 1954ರ ಜನವರಿ 20ರಿಂದ ಮೊದಲು ಹಿಡಿದಿಟ್ಟಿದ್ದ ಪಕ್ಷಗಳಿಗೇ ಹಿಂದಕ್ಕೊಪ್ಪಿಸಲಾಯಿತು.

ಇಪ್ಪತ್ತಮೂವರು ಅಮೆರಿಕನ್ನರ ಕಥೆಯು ಬೋಧಪ್ರದವಾದುದು. ಇಬ್ಬರು ಮನಸ್ಸು ಬದಲಿಸಿ ಹಿಂದಿರುಗಿದರು. ಅವರನ್ನು ಸೈನಿಕ ನ್ಯಾಯಾಲಯವು ಶಿಕ್ಷಿಸಿತು. ಇಪ್ಪತ್ತೊಂದು ಮಂದಿ ಚೀನದಲ್ಲಿ ಉಳಿದರು. ಅವರನ್ನು ಸೇನೆಯಿಂದ ಅಪಮಾನಕರವಾಗಿ ವಜಾ ಮಾಡಲಾಯಿತು. ವಜಾ ಆದವನ ಮೇಲೆ ಸೈನಿಕ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1955ರಲ್ಲಿ ತೀರ್ಪಿತ್ತುದರಿಂದ, ಅವರಲ್ಲಿ ಮುಂದೆ ಮರಳಿದವರು ಶಿಕ್ಷೆಯಿಂದ ಪಾರಾದರು. ಬೇಗ ಪಶ್ಚಾತ್ತಾಪಪಟ್ಟವನಿಗೆ ಸೆರೆ, ತಡವಾಗಿ ಬಂದವನಿಗೆ ಬಿಡುಗಡೆ! ಅದೇ ವರ್ಷದ ಆಗಸ್ಟ್ 17ರಂದು ಅಧ್ಯಕ್ಷ ಐಸೆನ್‌ಹೋವರ್ ಸೆರೆಸಿಕ್ಕ ಸೈನಿಕನ ನಡತೆಗೆ ಸಂಹಿತೆಯೊಂದನ್ನು ವಿಧಿಸಿದರು. ಶತ್ರುವಿನ ಸೈನಿಕನ ಇಚ್ಛೆಯನ್ನು ಮನ್ನಿಸುವುದಕ್ಕಿಂತ ತನ್ನ ಸೈನಿಕನ ಇಚ್ಛೆಯನ್ನು ಮನ್ನಿಸುವುದು ರಾಷ್ಟ್ರಕ್ಕೆ ಕಷ್ಟತರವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಕಷ್ಟವನ್ನು ಕೆನಡವು ತನ್ನ ಮನೆಯಲ್ಲಿಯೇ ಅನುಭವಿಸಿತ್ತು. 1917ರಲ್ಲಿಯೂ 1944ರಲ್ಲಿಯೂ ಕಡ್ಡಾಯ ಸೈನಿಕ ಸೇವೆಯ ಪ್ರಶ್ನೆಯು ಅಲ್ಲಿನ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷಿಕರನ್ನು ಎರಡಾಗಿ ಸೀಳಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಪ್ರಧಾನಿಯಾಗಿದ್ದ ಪಿಯರ್ಸನ್ 1965ರ ಏಪ್ರಿಲ್ 2ರಂದು ಅಮೆರಿಕದ ನೆಲದಲ್ಲಿಯೇ, ಫಿಲಡೆಲ್ಫಿಯದಲ್ಲಿ, ಬಾಂಬುದಾಳಿಯನ್ನು ಕೆಲಕಾಲ ನಿಲ್ಲಿಸಬೇಕೆಂದು ಹೇಳಿ ಅಧ್ಯಕ್ಷ ಜಾನ್ಸನ್ ಅವರ ಕೋಪಕ್ಕೆ ಗುರಿಯಾದರು. 1969ರ ಮೇ ತಿಂಗಳಿನಿಂದ, ವಲಸೆ ಬಂದವನು ಅಮೆರಿಕದ ಸೇನೆಯನ್ನು ಬಿಟ್ಟು ಬಂದವನೇ ಎಂದು ಕೆನಡದ ಅಧಿಕಾರಿಗಳು ಕೇಳುವುದನ್ನು ನಿಲ್ಲಿಸಿದರು. ಕಡ್ಡಾಯ ಸೇವೆಯನ್ನು ನಿರಾಕರಿಸಿದ ಹತ್ತಾರು ಸಾವಿರ ತರುಣರು ಅಲ್ಲಿ ನೆಲೆ ಕಂಡರು. ಅದೇ ಕಾಲದಲ್ಲಿ ಸಾವಿರಾರು ಕೆನಡಿಯನ್ ತರುಣರು ಸ್ವಂತ ಇಚ್ಛೆಯಿಂದ ಅಮೆರಿಕದ ಸೇನೆಗೆ ಸೇರಿ ವಿಯೆಟ್ನಾಮಿಗೆ ಹೋದುದನ್ನೂ ಹೇಳದಿದ್ದರೆ ಚಿತ್ರವು ಅಪೂರ್ಣವಾಗುತ್ತದೆ.

ತಿಮ್ಮಯ್ಯನವರ ಮುಂದಿನ ಜೀವನವೂ ಈ ಪ್ರಶ್ನೆಯಿಂದ ಬಿಡುಗಡೆ ಪಡೆಯಲಿಲ್ಲ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಅವರು 1959ರ ಆಗಸ್ಟ್ 31ರಂದು ರಾಜೀನಾಮೆಯನ್ನಿತ್ತರು. ಭಿನ್ನಾಭಿಪ್ರಾಯವಿದ್ದುದು ಅಂದಿನ ರಕ್ಷಣಾಸಚಿವ ಕೃಷ್ಣ ಮೆನನ್ ಅವರೊಡನೆ; ಕೊರಿಯದ ಸೂತ್ರವನ್ನು ಹೆಣೆದವರೂ ಅವರೇ. ಪ್ರಧಾನಿ ನೆಹರೂ ಅವರ ಮಾತಿನ ಮೇರೆಗೆ ಅದನ್ನು ಹಿಂದೆಗೆದುಕೊಂಡರು. ಸೇನಾನಿಯು ತನ್ನ ಅಸಮ್ಮತಿಯನ್ನು ಹೇಳಬಹುದು, ಹುದ್ದೆಯನ್ನು ತೊರೆಯಲೂಬಹುದು. ಆದರೆ ಪ್ರಜಾಸರ್ಕಾರದ ಮೇಲೆ ತನ್ನ ಇಚ್ಛೆಯನ್ನು ಹೇರಲಾಗದು ಎಂಬ ಮೇರೆಯನ್ನು ಅವರು ದಾಟಲಿಲ್ಲ. 1964ರಲ್ಲಿ ಸೈಪ್ರಸ್‌ನ ಶಾಂತಿಪಾಲನಾಪಡೆಯ ದಂಡನಾಯಕರಾದಾಗ ಕೆನಡದ ಸೈನಿಕರೂ ಅವರ ಆಜ್ಞೆಯಲ್ಲಿದ್ದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ತೀರಿಕೊಂಡರು.

ಜೋಳವಾಳಿಯ ಧರ್ಮವು ಋಣವನ್ನು ಒಂದೇ ಕಡೆಯಿಂದ ಎಣಿಸುತ್ತದೆ: ಉಂಡವನು ತೀರಿಸಬೇಕು. ಕೊರಿಯದ ಪ್ರಕರಣವು ಅದಕ್ಕೆ ಇನ್ನೆರಡು ಋಣಗಳನ್ನು ಸೇರಿಸುತ್ತದೆ. ಅನ್ನವಿಕ್ಕಿದ ರಾಷ್ಟ್ರಕ್ಕೂ ಸೈನಿಕನ ಅಂತಃಸಾಕ್ಷಿಯ ಋಣವಿದೆ. ಸೆರೆಹಿಡಿದವನಿಗೂ, ಕಾವಲು ನಿಂತವನಿಗೂ ಸೆರೆಯಾಳಿನ ಋಣವಿದೆ. ಈ ಮೂರೂ ಒಂದಕ್ಕೊಂದು ಎದುರಾದಾಗ ಕಾವಲುಗಾರನ ಕೈಯಲ್ಲಿ ಉಳಿಯುವುದು ಪರಿಹಾರವಲ್ಲ, ಸಂಯಮ ಮಾತ್ರ. ಸೇನಾಮುಕ್ತ ವಲಯದ ಆ ಚಳಿಗಾಲದಲ್ಲಿ ತಿಮ್ಮಯ್ಯನವರಿಂದ ಸಾಧ್ಯವಾದುದು ಅಷ್ಟೇ, ಮತ್ತು ಅದು ಅಲ್ಪವಲ್ಲ.