ಬೇಕರಿ ತಿಂಡಿ: ಕೇಳಿ ಕೊಳ್ಳೋಣ, ಹಂಚಿ ತಿನ್ನೋಣ

ಚಿಗಟೇರಿಯಿರಲಿ, ಹರಪನಹಳ್ಳಿಯಿರಲಿ, ಸಂಜೆ ಹಸಿವಾದರೆ ನಮ್ಮ ಮುಂದೆ ಎರಡು ದಾರಿ ಇರುತ್ತವೆ. ಒಂದು, ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಇನ್ನೊಂದು, ಬೇಕರಿಯ ಗಾಜಿನ ಕಪಾಟಿನಲ್ಲಿರುವ ಬನ್, ಪಫ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಕೇಕ್. ಮಿರ್ಚಿ ನಮ್ಮ ಕಣ್ಣೆದುರೇ ಎಣ್ಣೆಗೆ ಬೀಳುತ್ತದೆ. ಬೇಕರಿ ತಿಂಡಿ ಹಾಗಲ್ಲ. ಅದು ಒಳಗಿನ ಕೋಣೆಯಲ್ಲೋ, ಬೇರೆ ಊರಿನಲ್ಲೋ ತಯಾರಾಗಿ ಬಂದಿರುತ್ತದೆ. ಕಂಪನಿಯ ಪ್ಯಾಕೆಟ್ ಮೇಲೆ ತಾರೀಖು, ಪದಾರ್ಥ, ತೂಕ, ಬೆಲೆ ಎಲ್ಲ ಅಚ್ಚಾಗಿರುತ್ತವೆ. ಬಿಡಿಯಾಗಿ ಮಾರುವ ಪಫ್‌ಗೆ ಅಂಥ ಚೀಟಿ ಇರುವುದಿಲ್ಲ. ಆದ್ದರಿಂದ ಆ ಚೀಟಿಯ ಕೆಲಸವನ್ನು ನಮ್ಮ ಬಾಯಿಯೇ ಮಾಡಬೇಕು, ಅಂದರೆ ಕೇಳಬೇಕು.

ಇದು ಹೊಟ್ಟೆಯ ಪ್ರಶ್ನೆ ಮಾತ್ರ ಅಲ್ಲ. ತಲಾ ಹತ್ತು ರೂಪಾಯಿ ಹಾಕಿ ಪಾರ್ಸೆಲ್ ತರುವುದು ನಮ್ಮೆಲ್ಲರ ಅಭ್ಯಾಸ. ಗುಂಪಿನಲ್ಲಿ ಒಬ್ಬರು ಮೊಟ್ಟೆ ತಿನ್ನುವುದಿಲ್ಲ, ಇನ್ನೊಬ್ಬರು ಹಲಾಲ್ ಹೌದೋ ಅಲ್ಲವೋ ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ. ಕೇಳದೆ ತಂದರೆ ದುಡ್ಡು ಕೊಟ್ಟವರೇ ಕೈಕಟ್ಟಿ ಕೂರಬೇಕಾಗುತ್ತದೆ. ಅಂಥವರು ಸಾಮಾನ್ಯವಾಗಿ “ನನಗೆ ಹಸಿವಿಲ್ಲ” ಎಂದು ಹೇಳಿ ಸುಮ್ಮನಾಗುತ್ತಾರೆ.

ಎರಡು ಪರಂಪರೆ, ಒಂದೇ ಕಪಾಟು

ಕರ್ನಾಟಕದ ಬೇಕರಿಗಳಿಗೆ ಒಂದಕ್ಕಿಂತ ಹೆಚ್ಚು ಮೂಲಗಳಿವೆ. ಹಾಸನ ಜಿಲ್ಲೆಯಿಂದ ಬಂದ ಅಯ್ಯಂಗಾರ್ ಕುಟುಂಬದವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ಮೊಟ್ಟೆ ಹಾಕದೆ ಮಾಡುವ ಬ್ರೆಡ್, ಖಾರಾ ಬನ್, ವೆಜಿಟಬಲ್ ಪಫ್‌ಗಳಿಗೆ ‘ಅಯ್ಯಂಗಾರ್ ಬೇಕರಿ’ ಎಂಬ ಹೆಸರೇ ಗುರುತಾಯಿತು. ಅದೇ ಬೆಂಗಳೂರಿನ ಫ್ರೇಜರ್ ಟೌನ್‌ನ ಮಸೀದಿ ರಸ್ತೆಯಲ್ಲಿ 1902ರಲ್ಲಿ ಶುರುವಾದ ಆಲ್ಬರ್ಟ್ ಬೇಕರಿ ಖೋವಾ ನಾನ್ ಮತ್ತು ಮಾಂಸದ ಪಫ್‌ಗಳಿಗೆ ಹೆಸರಾಯಿತು. ರಂಜಾನ್ ಸಂಜೆಗಳಲ್ಲಿ ಅಲ್ಲಿ ಜನ ಕಿಕ್ಕಿರಿಯುತ್ತಾರೆ.

ಇಂಥ ಬೇರೆ ಬೇರೆ ರುಚಿಗಳು ನಮ್ಮಂಥ ಸಣ್ಣ ಊರುಗಳ ಒಂದೇ ಕಪಾಟಿನಲ್ಲಿ ಕೂಡಿವೆ. ನಮ್ಮ ಮನೆಮಾತು ಉರ್ದುವಿನಲ್ಲಿ ‘ದಿಲ್‌ಪಸಂದ್’ ಎಂದರೆ ಮನಸ್ಸಿಗೆ ಹಿಡಿಸಿದ್ದು ಎಂದರ್ಥ. ಕೊಬ್ಬರಿ, ಸಕ್ಕರೆ, ಟೂಟಿ ಫ್ರೂಟಿ ತುಂಬಿದ ಆ ತಿಂಡಿ ಅಯ್ಯಂಗಾರ್ ಬೇಕರಿಯಲ್ಲೂ ಅದೇ ಹೆಸರಿನಿಂದ ಮಾರಾಟವಾಗುತ್ತದೆ. ಅದರೊಳಗಿನ ಬಣ್ಣಬಣ್ಣದ ಟೂಟಿ ಫ್ರೂಟಿ ಬೇರೇನೂ ಅಲ್ಲ, ಸಕ್ಕರೆ ಪಾಕದಲ್ಲಿ ನೆನೆಸಿದ ಪಪ್ಪಾಯಿ ಕಾಯಿಯ ಚೂರು.

ಮೊದಲ ಪ್ರಶ್ನೆ: ಯಾವತ್ತಿನದು?

ಬನ್ ಮತ್ತು ಬ್ರೆಡ್ ಬೆಂದ ಕೆಲವು ಗಂಟೆಗಳಲ್ಲೇ ಹಳತಾಗಲು ಶುರುವಾಗುತ್ತವೆ. ತೇವ ಆರುವುದೊಂದೇ ಇದಕ್ಕೆ ಕಾರಣವಲ್ಲ. ಬೇಯುವಾಗ ಮೆತ್ತಗಾದ ಹಿಟ್ಟಿನ ಪಿಷ್ಟ ತಣ್ಣಗಾದಂತೆ ಮತ್ತೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಗಟ್ಟಿಯಾದ ಬನ್ ಮತ್ತೆ ಮೆತ್ತಗಾಗುವುದು ಇದರಿಂದಲೇ. ಆದರೆ ಬೂಷ್ಟು ಬಂದಿದ್ದರೆ ಬಿಸಿ ಮಾಡಿಯೂ ತಿನ್ನಬಾರದು.

ಪಫ್‌ನ ಕಥೆ ಬೇರೆ. ಹಿಟ್ಟು, ಕೊಬ್ಬು ಒಂದರ ಮೇಲೊಂದು ಬರುವಂತೆ ಮತ್ತೆ ಮತ್ತೆ ಮಡಚಿ ಲಟ್ಟಿಸುತ್ತಾರೆ. ಒಲೆಯ ಶಾಖಕ್ಕೆ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ಹೊತ್ತು ಕಳೆದಂತೆ ಒಳಗಿನ ಪಲ್ಯದ ತೇವ ಪದರಗಳಿಗೆ ಇಳಿದು ಪಫ್ ಮೆತ್ತಗಾಗುತ್ತದೆ. ಹಿಡಿದರೆ ಪುಡಿ ಉದುರುವ ಪಫ್ ಹೊಸದು, ಬಗ್ಗುವ ಪಫ್ ಹಳೆಯದು. ಆಲೂಗಡ್ಡೆ, ಮೊಟ್ಟೆ, ಮಾಂಸ ತುಂಬಿದ್ದನ್ನು ಅಂದಂದೇ ತಿನ್ನುವುದು ಒಳ್ಳೆಯದು. ರಸ್ಕ್ ಎಂದರೆ ಎರಡು ಸಲ ಬೇಯಿಸಿದ ಬ್ರೆಡ್. ತೇವವೇ ಇಲ್ಲದ್ದರಿಂದ ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಬಿಡಿಯಾಗಿ ಮಾರುವ ಸಿಹಿತಿಂಡಿಯ ಮುಂದೆ ‘ಈ ದಿನದೊಳಗೆ ಬಳಸಿ’ ಎಂಬ ತಾರೀಖು ತೋರಿಸುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಅಂಗಡಿಯಲ್ಲಿ ಆ ಚೀಟಿ ಹುಡುಕಿ ನೋಡಿ.

ಎರಡನೆಯದು: ಯಾವ ಕೊಬ್ಬು, ಯಾವ ಬಣ್ಣ?

ಬೆಣ್ಣೆ ಬಿಸ್ಕತ್ತು ಎಂಬ ಹೆಸರಿದ್ದರೂ ಎಲ್ಲ ಕಡೆ ಬೆಣ್ಣೆಯೇ ಇರುವುದಿಲ್ಲ. ಕಡಿಮೆ ಬೆಲೆಯವು ಹೆಚ್ಚಾಗಿ ಡಾಲ್ಡಾ ಅಥವಾ ಮಾರ್ಗರೀನ್‌ನಲ್ಲಿ ತಯಾರಾಗುತ್ತವೆ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ. 2ನ್ನು ಮೀರುವಂತಿಲ್ಲ. ತಿಂದ ಮೇಲೆ ಅಂಗುಳಕ್ಕೆ ಮೇಣದಂತೆ ಅಂಟಿಕೊಂಡರೆ ಅದು ಬೆಣ್ಣೆಯ ಲಕ್ಷಣ ಅಲ್ಲ.

ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 223 ಸುರಕ್ಷಿತವಾಗಿದ್ದವು, 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ರೆಡ್ ವೆಲ್ವೆಟ್, ಬ್ಲಾಕ್ ಫಾರೆಸ್ಟ್ ಕೇಕ್‌ಗಳ ಹೆಸರು ಆಗ ಸುದ್ದಿಯಲ್ಲಿತ್ತು. ಹುಟ್ಟುಹಬ್ಬಕ್ಕೆ ಕೇಕ್ ಬೇಡ ಎಂದು ಇದರ ಅರ್ಥವಲ್ಲ. ನಾಲಿಗೆಗೆ ಬಣ್ಣ ಹತ್ತುವ ಕೇಕ್‌ಗಿಂತ ತಿಳಿಬಣ್ಣದ ಸಾದಾ ಕೇಕ್ ಮೇಲು, ಅಷ್ಟೆ.

ಮೂರನೆಯದು: ಎಲ್ಲರೂ ತಿನ್ನಬಹುದೇ?

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಮಾಂಸಾಹಾರದ ಕಂದು ಗುರುತು ಹೊಸ ನಿಯಮದಲ್ಲಿ ತ್ರಿಕೋನವಾಗಿದೆ. ಮೊಟ್ಟೆ ಹಾಕಿದ ಕೇಕ್‌ಗೂ ಇದೇ ಗುರುತು ಬರುತ್ತದೆ. ಜೆಲ್ಲಿ ಮತ್ತು ಕೆಲವು ಕೇಕ್‌ಗಳ ಮೇಲಿನ ಅಲಂಕಾರದಲ್ಲಿ ಜೆಲಟಿನ್ ಇರಬಹುದು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಹೀಗಾಗಿ ಸಸ್ಯಾಹಾರಿ ಗೆಳತಿಗೂ ಹಲಾಲ್ ನೋಡುವ ಗೆಳೆಯನಿಗೂ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಬಿಡಿ ತಿಂಡಿಯಾದರೆ ಮೊಟ್ಟೆ ಪಫ್ ಮತ್ತು ವೆಜ್ ಪಫ್ ಒಂದೇ ತಟ್ಟೆಯಲ್ಲಿವೆಯೇ, ಎತ್ತಿಕೊಡುವ ಇಕ್ಕಳ ಒಂದೇ ಏನು ಎಂಬುದನ್ನೂ ಗಮನಿಸಿ. ಪಾರ್ಸೆಲ್ ಕಟ್ಟಿಸುವಾಗ ಎರಡು ಪೊಟ್ಟಣ ಮಾಡಿಸಿದರೆ ಯಾರಿಗೂ ಮುಜುಗರ ಇರುವುದಿಲ್ಲ.

ನಾಲ್ಕನೆಯದು: ತೂಕ, ಬೆಲೆ, ಬಿಲ್

ವಾಣಿಜ್ಯ ವಿಭಾಗದ ನಮಗೆ ಇದು ಪಾಠದ ಭಾಗವೇ. ಹತ್ತು ರೂಪಾಯಿಯ ಪ್ಯಾಕೆಟ್ಟಿನಲ್ಲಿ ಎಷ್ಟು ಗ್ರಾಂ ಇದೆ ನೋಡಿ, 100 ಗ್ರಾಂಗೆ ಎಷ್ಟಾಯಿತು ಲೆಕ್ಕ ಹಾಕಿ, ಬೇಕರಿಯ ಬಿಡಿ ಬಿಸ್ಕತ್ತಿನ ದರದ ಜೊತೆ ಹೋಲಿಸಿ. ಯಾವುದು ಅಗ್ಗ ಎಂಬುದು ಲೆಕ್ಕ ಹಾಕಿದ ಮೇಲೆಯೇ ತಿಳಿಯುತ್ತದೆ. ತೂಗುವಾಗ ರಟ್ಟಿನ ಡಬ್ಬಿಯ ತೂಕ ಸೇರಿಸುವಂತಿಲ್ಲ. ಬ್ರೆಡ್‌ಗೆ ಜಿಎಸ್‌ಟಿ ಇಲ್ಲ. ಬಿಸ್ಕತ್ತು, ಕೇಕ್, ಪೇಸ್ಟ್ರಿಗಳ ಮೇಲಿದ್ದ ಶೇ. 18ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಅಂಗಡಿಯ ನೋಂದಣಿ ಸಂಖ್ಯೆಯೂ ಅದೇ ಬಿಲ್ಲಿನಲ್ಲಿರಬೇಕು.

ಮಂಡಕ್ಕಿಗೂ ಒಂದು ಮಾತು

ಬೇಕರಿಯಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಮಂಡಕ್ಕಿ ಇದ್ದೇ ಇದೆ. ಭತ್ತವನ್ನು ನೆನೆಸಿ, ಹುರಿದು, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಅರಳಿಸಿದರೆ ಮಂಡಕ್ಕಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ದುಡಿಯುವ ಕುಟುಂಬಗಳಲ್ಲಿ ಮುಸ್ಲಿಮರೇ ಹೆಚ್ಚು. ಅವರು ಅರಳಿಸಿದ್ದು ಎಲ್ಲರ ಜಾತ್ರೆಗೂ, ಎಲ್ಲರ ಮನೆಗೂ ಹೋಗುತ್ತದೆ. ಅದರಲ್ಲಿ ಮೊಟ್ಟೆಯೂ ಇಲ್ಲ, ಜೆಲಟಿನ್ನೂ ಇಲ್ಲ. ಆದರೆ ಮಿರ್ಚಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಶಾಯಿ ಎಣ್ಣೆಗೆ ಇಳಿಯುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವುದನ್ನು 2018ರ ನಿಯಮ ನಿಷೇಧಿಸಿದೆ. ಮನೆಯಿಂದ ಡಬ್ಬಿ ಒಯ್ದರೆ ತಾಪತ್ರಯವೇ ಇಲ್ಲ.

ಕೇಳುವುದೆಂದರೆ ಜಗಳ ಅಲ್ಲ, ಅನುಮಾನವೂ ಅಲ್ಲ. “ಅಣ್ಣಾ, ಈ ಪಫ್ ಬೆಳಿಗ್ಗೆದಾ, ನಿನ್ನೇದಾ?”, “ಚಾಚಾ, ಕೇಕಿಗೆ ಮೊಟ್ಟೆ ಹಾಕೀರಾ?” ಎಂದು ನಗುತ್ತಾ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೆಳಗಿನ ಜಾವ ಎದ್ದು ಹಿಟ್ಟು ನಾದುವ ಒಳ್ಳೆಯ ಬೇಕರಿಯವರಿಗೆ ತಮ್ಮ ಕೆಲಸದ ಬಗ್ಗೆ ಹೇಳಿಕೊಳ್ಳಲು ಇಷ್ಟವೇ. ನಾಲ್ಕು ದಿನ ನಾವು ಕೇಳಿದರೆ ಐದನೇ ದಿನ ಅವರೇ “ಇದು ಬೇಡ, ಈಗ ಬಿಸಿ ಬರ್ತದೆ, ತಡಿ” ಅನ್ನುತ್ತಾರೆ.