ಮಗುವಿನ ಮೊದಲ ಮಾತಿಗೆ ಮನೆಯಲ್ಲಿ ಕಿವಿಯಿರಲಿ



ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಮಾತನಾಡುವುದು ನಮ್ಮ ಮನೆಗಳಲ್ಲಿ ಇನ್ನೂ ಸಂಕೋಚದ ಸಂಗತಿಯಾಗಿಯೇ ಉಳಿದಿದೆ. 'ಇಂಥವು ನಮ್ಮೂರಿನಲ್ಲಿ ನಡೆಯುವುದಿಲ್ಲ' ಎಂಬ ನಂಬಿಕೆ ಒಂದೆಡೆ, 'ಹೊರಗೆ ಗೊತ್ತಾದರೆ ಮನೆತನದ ಮರ್ಯಾದೆ ಹೋದೀತು' ಎಂಬ ಅಂಜಿಕೆ ಇನ್ನೊಂದೆಡೆ. ಇವೆರಡರ ನಡುವೆ ಮಗು ಒಬ್ಬಂಟಿಯಾಗುತ್ತದೆ. ತಪ್ಪು ಮಾಡುವವನಿಗೆ ಬೇಕಾಗಿರುವುದೂ ಈ ಮೌನವೇ. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರೊಡನೆ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಚರ್ಚಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಅಪಾಯ ಎಲ್ಲಿದೆ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿತು. ಮಾತನಾಡಿಸಿದ ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿರುವುದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ತಪ್ಪಿತಸ್ಥರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸದ ಸ್ಥಾನದಲ್ಲಿದ್ದವರು. 'ಅಪರಿಚಿತರ ಕೈಯಿಂದ ಏನೂ ತಗೋಬೇಡ' ಎಂದು ಹೇಳಿಕೊಟ್ಟರೆ ಸಾಕು ಎಂದುಕೊಂಡವರು ಈ ಅಂಕಿಗಳನ್ನು ಗಮನಿಸಬೇಕು.

ನಮ್ಮ ಭಾಗದ ದುಡಿಮೆಯ ಸ್ವರೂಪವನ್ನೂ ನೆನೆಯಬೇಕು. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಕಟಾವಿಗೆ ಬಂದ ಕುಟುಂಬಗಳ ಮಕ್ಕಳು ಹೊಲದ ಬದಿಯ ಗುಡಿಸಲುಗಳಲ್ಲಿ ಹಗಲೆಲ್ಲ ಉಳಿಯುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಮನೆಮಂದಿಯೆಲ್ಲ ಕೆಲಸದಲ್ಲಿ ಮುಳುಗಿರುತ್ತಾರೆ. ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟು ಬಂದ ಬೀಳಗಿ ಭಾಗದ ಎಷ್ಟೋ ಕುಟುಂಬಗಳು ಹಳೆಯ ನೆರೆಹೊರೆಯನ್ನೇ ಕಳೆದುಕೊಂಡಿವೆ. ದುಡಿಮೆ ದೋಷವಲ್ಲ, ದುಡಿಯುವ ತಂದೆತಾಯಿಯೂ ತಪ್ಪಿತಸ್ಥರಲ್ಲ. ಆದರೆ ನಾವು ಕೆಲಸದಲ್ಲಿರುವಾಗ ಮಗು ಯಾರ ಕಣ್ಣಳತೆಯಲ್ಲಿದೆ ಎಂಬುದು ಪ್ರತಿ ಮನೆಗೂ ತಿಳಿದಿರಬೇಕು.

ಮನೆಯಲ್ಲಿ ಏನು ಮಾತನಾಡಬೇಕು?

ಇದಕ್ಕೆ ದೊಡ್ಡ ಉಪನ್ಯಾಸ ಬೇಕಿಲ್ಲ. ಮೂರು-ನಾಲ್ಕು ವರ್ಷದ ಮಗುವಿಗೆ ಸ್ನಾನ ಮಾಡಿಸುವಾಗಲೇ ದೇಹದ ಎಲ್ಲ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಹೇಳಿಕೊಡಬಹುದು. ಒಳಉಡುಪು ಮುಚ್ಚುವ ಭಾಗವನ್ನು ಬೇರೆಯವರು ಮುಟ್ಟಬಾರದು, ನೋಡಬಾರದು, ತಮ್ಮದನ್ನು ಮುಟ್ಟಲು ಹೇಳಬಾರದು ಎಂದು ತಿಳಿಸಬೇಕು. ಸ್ವಚ್ಛತೆಗಾಗಿ ಅವ್ವ ಅಥವಾ ಆಯಿ, ತಾಯಿಯ ಎದುರಿನಲ್ಲಿ ವೈದ್ಯರು ಮುಟ್ಟುವುದು ಬೇರೆ ಎಂಬುದನ್ನೂ ಬಿಡಿಸಿ ಹೇಳಬೇಕು.

ಎರಡನೆಯದು ಗುಟ್ಟಿನ ಮಾತು. 'ಇದನ್ನು ಅವ್ವನಿಗೆ ಹೇಳಬ್ಯಾಡ' ಎಂದು ಯಾರಾದರೂ ಹೇಳಿದರೆ ಅದನ್ನೇ ಮೊದಲು ಅವ್ವನಿಗೆ ಹೇಳಬೇಕೆಂದು ಮಗುವಿಗೆ ಕಲಿಸಬೇಕು.

ಮೂರನೆಯದು ಹಿರಿಯರ ಮೇಲಿನ ಗೌರವ. ಕಾಕಾ, ಮಾಮಾ, ಗುರುಗಳು ಯಾರೇ ಇರಲಿ, ಮಗು ಅವರ ತೊಡೆಯೇರಲು ಹಿಂಜರಿದರೆ ಒತ್ತಾಯಿಸಬಾರದು. ಕೈಮುಗಿದು ಶರಣು ಎಂದರೆ ಗೌರವ ಸಲ್ಲುತ್ತದೆ. 'ಬೇಡ' ಎನ್ನುವ ಹಕ್ಕನ್ನು ಮನೆಯಲ್ಲಿಯೇ ಕಸಿದುಕೊಂಡರೆ ಮಗು ಅದನ್ನು ಹೊರಗೆ ಬಳಸಲಾರದು. ಗಂಡುಮಕ್ಕಳಿಗೂ ಈ ಎಲ್ಲ ಮಾತು ಅಷ್ಟೇ ಅಗತ್ಯ. ಮೊಬೈಲ್ ಕೈಗೆ ಬಂದ ಮಕ್ಕಳಿಗೆ, ಯಾರಾದರೂ ಚಿತ್ರ ಕಳಿಸೆಂದು ಕೇಳಿದರೆ ಕೂಡಲೇ ಹೇಳುವಂತೆ ಧೈರ್ಯ ತುಂಬಬೇಕು. ಮೊಬೈಲ್ ಕಸಿದುಕೊಳ್ಳುತ್ತಾರೆಂಬ ಭಯವಿದ್ದರೆ ಮಗು ಬಾಯಿ ಬಿಡುವುದಿಲ್ಲ.

ಮಗು ಹೇಳಿದಾಗ

ಮಗು ನೇರವಾಗಿ ಹೇಳುವುದು ಅಪರೂಪ. ಹಾಸಿಗೆ ಒದ್ದೆಯಾಗುವುದು, ಶಾಲೆಗೆ ಅಥವಾ ಒಂದು ನಿರ್ದಿಷ್ಟ ಮನೆಗೆ ಹೋಗಲು ಹಟ, ಕಾರಣವಿಲ್ಲದ ಅಳು, ಊಟ ಬಿಡುವುದು ಸೂಚನೆಗಳಾಗಿರಬಹುದು. ಇವುಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ಗದರಿಸದೆ, ಬಳಿ ಕುಳಿತು ಕೇಳಬೇಕು.

ಮಗು ಬಾಯಿಬಿಟ್ಟ ಗಳಿಗೆಯಲ್ಲಿ ದೊಡ್ಡವರು ಆಡುವ ಮೊದಲ ಮಾತು ಬಹಳ ಮುಖ್ಯ. 'ನೀ ಯಾಕ ಅಲ್ಲಿ ಹೋಗಿದ್ದಿ?' ಎಂದರೆ ಬಾಗಿಲು ಮುಚ್ಚಿತು. 'ಹೇಳಿದ್ದು ಛಲೋ ಆತು, ನಿಂದೇನೂ ತಪ್ಪಿಲ್ಲ' ಎಂದರೆ ಮಗುವಿಗೆ ಜೀವ ಬರುತ್ತದೆ. ಮತ್ತೆ ಮತ್ತೆ ಕೆದಕಿ ಕೇಳಬಾರದು, ಆ ವ್ಯಕ್ತಿಯೆದುರು ಮಗುವನ್ನು ನಿಲ್ಲಿಸಬಾರದು.

ಕಾನೂನಿನ ಆಸರೆ

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. 18 ವರ್ಷದೊಳಗಿನ ಎಲ್ಲ ಗಂಡು, ಹೆಣ್ಣು ಮಕ್ಕಳಿಗೆ ಇದು ಅನ್ವಯ. ಅಪರಾಧ ತಿಳಿದೂ ವರದಿ ಮಾಡದ ವಯಸ್ಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಸೆರೆವಾಸ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ.

ಠಾಣೆಯ ಭಯದಿಂದ ಹಿಂಜರಿಯುವವರು ತಿಳಿಯಬೇಕಾದ ಮಾತುಗಳಿವೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಪೊಲೀಸ್ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆಯೇ, ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಿನ ತಪಾಸಣೆಯನ್ನು ವೈದ್ಯೆಯೇ ಮಾಡಬೇಕು. ಹೆಸರು, ವಿಳಾಸ, ಶಾಲೆ ಪತ್ರಿಕೆಗಳಲ್ಲಿ ಬರಕೂಡದು. ನೆರವಿಗೆ ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112 ಹಗಲಿರುಳೂ ತೆರೆದಿವೆ.

ಊರಿನ ಹೊಣೆ

ಇಂಥ ಪ್ರಕರಣವನ್ನು ಹಿರಿಯರ ಕಟ್ಟೆಯ ಮೇಲೆ ರಾಜಿ ಮಾಡಿ ಮುಗಿಸುವುದು ಮಗುವಿಗೆ ಮಾಡುವ ಎರಡನೆಯ ಅನ್ಯಾಯ. ಮಗಳನ್ನು ಬೇಗ ಮದುವೆ ಮಾಡಿ ಮುಗಿಸುವುದೂ ಪರಿಹಾರವಲ್ಲ, ಬಾಲ್ಯವಿವಾಹವೇ ಅಪರಾಧ. 18 ವರ್ಷ ತುಂಬದ ಪತ್ನಿಯೊಡನೆ ದೈಹಿಕ ಸಂಬಂಧ ಅತ್ಯಾಚಾರವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ.

ಶಾಲೆ, ವಸತಿನಿಲಯ, ಮನೆಪಾಠ, ಮಠಗಳೂ ಈ ಹೊಣೆಯಿಂದ ಹೊರತಲ್ಲ. ಕಾವಿಯಾಗಲಿ, ಪದವಿಯಾಗಲಿ, ವಯಸ್ಸಾಗಲಿ ಯಾರನ್ನೂ ಪ್ರಶ್ನಾತೀತರನ್ನಾಗಿ ಮಾಡದು. ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಆಡುವ ಮಾತನ್ನು ಹಿರಿಯರು ಕುಳಿತು ಕೇಳಬೇಕು. ಶಿವಾನುಭವ ಗೋಷ್ಠಿಗಳಲ್ಲಿ, ಅಕ್ಕನ ಬಳಗದ ಸಭೆಗಳಲ್ಲಿ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಡೋಣ. ನೊಂದ ಕುಟುಂಬದ ಮನೆಗೆ ಹೋಗುವುದನ್ನು, ಅವರನ್ನು ಕರೆಯುವುದನ್ನು ನಿಲ್ಲಿಸದಿರೋಣ. ಠಾಣೆಗೆ, ನ್ಯಾಯಾಲಯಕ್ಕೆ ಹೋಗುವ ದಿನ ಅವರ ಜೊತೆಗೆ ಒಬ್ಬರಾದರೂ ನಡೆಯೋಣ.

ಮನೆತನದ ಮರ್ಯಾದೆ ಮಗುವಿನ ಮೌನದಲ್ಲಿ ಉಳಿಯುವಂಥದ್ದಲ್ಲ. ಮಗುವಿನ ಪರ ನಿಂತ ಮನೆಗೇ ಮರ್ಯಾದೆ ಸಲ್ಲಬೇಕು. ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಗುವಿನೊಡನೆ ಈ ಮಾತು ಆರಂಭಿಸಿರಿ ಎಂದು ಕೋರುತ್ತೇವೆ.