ಟಾರ್ ರಸ್ತೆಗೋ, ತೋಟದ ದಾರಿಗೋ? ಎಲೆಕ್ಟ್ರಿಕ್ ಗಾಡಿ ಕೊಳ್ಳುವ ಮುಂಚೆ ನೋಡಬೇಕಾದ್ದು

ಪುರವರ: ಎಲೆಕ್ಟ್ರಿಕ್ ಗಾಡಿ ತಗೋಬೇಕು ಅಂದ್ರೆ ಶೋರೂಮಿನವರು ಮೊದಲು ಹೇಳೋದು ಮೈಲೇಜು. ಆದರೆ ಹೋಬಳಿಯ ಜನ ಮೊದಲು ಯೋಚಿಸಬೇಕಾದ್ದು ಬೇರೆ. ಗಾಡಿ ಹೆಚ್ಚು ಓಡೋದು ಮಧುಗಿರಿಯ ಟಾರ್ ರಸ್ತೆಯಲ್ಲೋ, ತೋಟದ ಬಂಡಿ ಜಾಡಿನಲ್ಲೋ?

ಅಂಗಡಿ, ಕಚೇರಿ ಅಂತ ದಿನಾ ಹೋಗಿಬರುವವರಿಗೆ 3 ಕಿಲೋವ್ಯಾಟ್‌ ಅವರ್ ಆಸುಪಾಸಿನ ಬ್ಯಾಟರಿಯ ಸ್ಕೂಟರ್ ಸಾಕು. ಕಂಪನಿ ಹೇಳುವ ಕಿ.ಮೀ. ಪರೀಕ್ಷೆಯ ಲೆಕ್ಕ, ಹಿಂದೆ ಒಬ್ಬರು, ಮುಂದೆ ಸಾಮಾನಿನ ಮೂಟೆ ಇದ್ದರೆ ಅದರಲ್ಲಿ ಮುಕ್ಕಾಲು ಪಾಲು ಸಿಕ್ಕರೆ ದೊಡ್ಡದು. ದಿನಕ್ಕೆ 40 ಕಿ.ಮೀ. ಓಡಿಸಿದರೆ ಸುಮಾರು ಒಂದೂವರೆ ಯೂನಿಟ್ ಕರೆಂಟು ಬೇಕು. ತಿಂಗಳಿಗೆ 40 ಯೂನಿಟ್ ಅಂದುಕೊಳ್ಳಿ.

ಇಲ್ಲೇ ಬಹಳ ಜನ ಲೆಕ್ಕ ತಪ್ಪೋದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೂ ಎಲ್ಲರಿಗೂ ಫ್ರೀ ಅಲ್ಲ. ಹಳೇ ಬಳಕೆಯ ಸರಾಸರಿ ನೋಡಿ ಪ್ರತಿ ಮನೆಗೂ ಒಂದು ಮಿತಿ ಇಟ್ಟಿದ್ದಾರೆ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಆದರೂ ಪೆಟ್ರೋಲಿಗಿಂತ ಖರ್ಚು ಕಡಿಮೆಯೇ, ಆದರೆ ಪುಕ್ಕಟೆ ಅಲ್ಲ. ಚಾರ್ಜಿಂಗ್‌ಗೆ ಅರ್ಥಿಂಗ್ ಸರಿ ಇರುವ ಪಾಯಿಂಟೇ ಬೇಕು.

ತೋಟಕ್ಕೆ ಹೋಗಿ ಮೇವು ತರುವವರ ಕಥೆ ಬೇರೆ. ಸ್ಕೂಟರಿನ 12 ಇಂಚಿನ ಚಕ್ರ ಗುಂಡಿಗೆ ಇಳಿದರೆ ಏಳೋದು ಕಷ್ಟ. ಹೆಚ್ಚಿನ ಸ್ಕೂಟರ್‌ಗಳಲ್ಲಿ ಬ್ಯಾಟರಿ ಕಾಲಿಡುವ ಜಾಗದ ಕೆಳಗೇ ಇರುತ್ತೆ, ಕಲ್ಲು ತಾಗೋದೂ ಅಲ್ಲಿಗೇ. ಮೋಟಾರು ಹಿಂದಿನ ಚಕ್ರದೊಳಗೇ ಇದ್ದರೆ ಪ್ರತಿ ಕುಲುಕಾಟವೂ ಅದಕ್ಕೆ ನೇರವಾಗಿ ಬೀಳುತ್ತೆ. ಚಕ್ರ ಬಿಚ್ಚುವ ಕೆಲಸವೂ ಎಲ್ಲ ಪಂಕ್ಚರ್ ಅಂಗಡಿಯವರಿಗೆ ಬರಲ್ಲ. ಇಂಥವರಿಗೆ 17 ಇಂಚಿನ ಚಕ್ರ, ಮಧ್ಯದಲ್ಲಿ ಮೋಟಾರು ಇರುವ ಎಲೆಕ್ಟ್ರಿಕ್ ಬೈಕೇ ಸರಿ. ಬೆಲೆ ಜಾಸ್ತಿ ಅನ್ನೋದು ನಿಜ. ಐಪಿ67 ಅಂತ ಬರೆದಿದ್ದರೆ ಬ್ಯಾಟರಿ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಎಂದರ್ಥ, ಹಾಗಂತ ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಸಬೇಡಿ.

‘ಡಿಎಲ್ ಬೇಡ, ನಂಬರ್ ಪ್ಲೇಟ್ ಬೇಡ’ ಎನ್ನುವ ಗಾಡಿಗಳೂ ಇವೆ. ಗಂಟೆಗೆ 25 ಕಿ.ಮೀ., 250 ವ್ಯಾಟ್ ಒಳಗಿದ್ದರೆ ಮಾತ್ರ ಆ ವಿನಾಯಿತಿ. ಊರೊಳಗೆ ಹಾಲಿನ ಡೇರಿಗೆ ಹೋಗಿಬರಲು ಅಡ್ಡಿಯಿಲ್ಲ, ಇಬ್ಬರು ಕೂತು ದಿಬ್ಬ ಹತ್ತಿಸಲು ಆಗಲ್ಲ. ವೈರ್ ಬದಲಿಸಿ ಸ್ಪೀಡ್ ಹೆಚ್ಚಿಸಿಕೊಂಡರೆ ವಿನಾಯಿತಿ ಹೋಯ್ತು. ಅಪಘಾತವಾದರೆ ವಿಮೆಯೂ ಇಲ್ಲದೆ ಮಾಲೀಕರೇ ಕೈಯಿಂದ ಕಟ್ಟಬೇಕಾಗಬಹುದು.

ಅಡ್ವಾನ್ಸ್ ಕೊಡುವ ಮುಂಚೆ ಟೆಸ್ಟ್ ರೈಡ್‌ಗೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿಬ್ಬ ಇರುವ ಕಡೆಗೇ ಹೋಗಿ. ಸರ್ವಿಸ್ ಸೆಂಟರ್ ಮಧುಗಿರಿಯಲ್ಲೋ ತುಮಕೂರಲ್ಲೋ ಅನ್ನೋದನ್ನೂ ಕೇಳಿ. ಚಾರ್ಜ್ ಹಿಡಿಯದ ಗಾಡಿಯನ್ನ ಅಲ್ಲಿವರೆಗೆ ಲಗೇಜ್ ಆಟೋದಲ್ಲೇ ಸಾಗಿಸಬೇಕು.